ಬೆಳಗುವ ಹ್ಯಾಂಡಲ್ ಸ್ವಿಚ್ಚುಗಳು: ಟೂರಿಂಗ್ ಬೈಕಿನಲ್ಲಿ ಅಳವಡಿಕೆ

ಮೋಟರ್‌ಸೈಕಲ್ಲಿನ ಹ್ಯಾಂಡಲ್ ಮೇಲಿರುವ ಹಾರ್ನು, ಇಂಡಿಕೇಟರ್, ಡಿಮ್–ಡಿಪ್, ಪಾಸ್, ಸೆಲ್ಫ್, ಕಿಲ್ ಮುಂತಾದ ಸ್ವಿಚ್ಚುಗಳಿಗೆ ಒಳಗಿನಿಂದ ಬೆಳಕು ಕೊಟ್ಟು, ಅವುಗಳ ಗುರುತು ಕತ್ತಲಲ್ಲೂ ಕಾಣುವಂತೆ ಮಾಡಿದರೆ ಅವು ಬೆಳಗುವ ಸ್ವಿಚ್ಚುಗಳು. ಕೆಲವು ಬೈಕುಗಳಿಗೆ ಈ ಸೌಲಭ್ಯ ಕಾರ್ಖಾನೆಯಿಂದಲೇ ಬರುತ್ತದೆ. ಉಳಿದವಕ್ಕೆ ಮಾಲೀಕರು ಆಮೇಲೆ ಹಾಕಿಸಿಕೊಳ್ಳುತ್ತಾರೆ. ನೋಡಲು ಸಣ್ಣ ಕೆಲಸ. ಆದರೆ ಹೆಡ್‌ಲೈಟು, ಹಾರ್ನು, ಎಂಜಿನ್ನು ಮೂರರ ಹಿಡಿತವೂ ಇರುವ ಜಾಗಕ್ಕೆ ಕೈ ಹಾಕಬೇಕಾಗುವುದರಿಂದ ಸೀಟು, ವಿಂಡ್‌ಶೀಲ್ಡ್, ಸ್ಯಾಡಲ್ ಬ್ಯಾಗುಗಳನ್ನು ಬದಲಾಯಿಸುವುದಕ್ಕಿಂತ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದಂಥ ಮಳೆ ಮತ್ತು ಉಪ್ಪುಗಾಳಿಯ ಸೀಮೆಯಲ್ಲಂತೂ ಸ್ವಿಚ್ಚು ಎಷ್ಟು ಚೆನ್ನಾಗಿ ಬೆಳಗುತ್ತದೆ ಎನ್ನುವುದಕ್ಕಿಂತ ಎಷ್ಟು ಮಳೆಗಾಲ ತಾಳುತ್ತದೆ ಎನ್ನುವುದೇ ಮುಖ್ಯ ಪ್ರಶ್ನೆ.

ಕರಾವಳಿಯ ರಾತ್ರಿ ಸವಾರಿ

ಈ ಭಾಗದ ದೊಡ್ಡ ರಸ್ತೆಗಳಲ್ಲಿ ಎರಡು ಬಗೆ. ಪಡುಬಿದ್ರಿ, ಕಾಪು, ಉಡುಪಿ, ಕುಂದಾಪುರಗಳನ್ನು ಹಾದು ಕಡಲಿನ ಉದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಮೊದಲನೆಯದು. ಕಡಲ ಕಡೆಯಿಂದ ಘಟ್ಟಕ್ಕೆ ಏರುವ ದಾರಿಗಳು ಎರಡನೆಯವು: ಮಲ್ಪೆಯಿಂದ ಉಡುಪಿ, ಮಣಿಪಾಲ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವ 169ಎ, ಮತ್ತು ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳದ ಮೂಲಕ ಎಸ್.ಕೆ. ಬಾರ್ಡರ್ ಮುಟ್ಟುವ 169. ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆ ದಾರಿಯಾಗಿ ಕಾರ್ಕಳಕ್ಕೆ ಹೋಗುವ ರಸ್ತೆ 66 ಮತ್ತು 169ನ್ನು ಬೆಸೆಯುತ್ತದೆ. ಹೆದ್ದಾರಿಯಲ್ಲಿ ಪೇಟೆ ಮತ್ತು ಜಂಕ್ಷನ್ ದಾಟಿದರೆ ಬೀದಿದೀಪ ಅಪರೂಪ. ಆಗುಂಬೆ ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ, ಮಾಳದಿಂದ ಆಚೆಗೆ ಕಾಡಿನ ಕತ್ತಲು. ಮಳೆಗಾಲದಲ್ಲಿ ಮಂಜೂ ಸೇರುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಎದುರು ಬರುವ ಬಸ್ಸಿಗಾಗಿ ಬೀಮ್ ಇಳಿಸಬೇಕು, ಮರುಗಳಿಗೆಯಲ್ಲೇ ಏರಿಸಬೇಕು, ಹಾರ್ನು ಒತ್ತಬೇಕು, ಗೇರು ಬದಲಿಸಬೇಕು. ಎಡಗೈ ಹೆಬ್ಬೆರಳಿಗೆ ಬಿಡುವೇ ಇರುವುದಿಲ್ಲ.

ಇಲ್ಲಿ ರಾತ್ರಿ ಓಡಾಟ ಪ್ರವಾಸಿಗರದ್ದು ಮಾತ್ರವಲ್ಲ. ಯಕ್ಷಗಾನ ಮೇಳಗಳು ತಿರುಗಾಟ ಹೊರಟ ದಿನದಿಂದ ಅದು ಮುಗಿಯುವ ಪತ್ತನಾಜೆಯವರೆಗೆ, ಕೋಲ, ನೇಮಗಳ ಋತುವಿನುದ್ದಕ್ಕೂ, ನಡುರಾತ್ರಿಯಲ್ಲಿ ಬೈಕಿನಲ್ಲಿ ಹಿಂದಿರುಗುವವರು ಸಾವಿರಾರು ಜನ. ಮಲ್ಪೆ ಬಂದರಿನ ಕೆಲಸ ಬೆಳಕು ಹರಿಯುವ ಮೊದಲೇ ಆರಂಭ. ವಾರಾಂತ್ಯದಲ್ಲಿ ಮಣಿಪಾಲ, ನಿಟ್ಟೆಯ ಕಾಲೇಜುಗಳ ವಿದ್ಯಾರ್ಥಿಗಳು ಘಟ್ಟದ ಕಡೆ ಹೊರಡುವುದೂ ನಸುಕಿನಲ್ಲೇ, ಹಲವು ಬಾರಿ ಸ್ನೇಹಿತರಿಂದ ಕೇಳಿ ತಂದ ಅಥವಾ ಬಾಡಿಗೆಗೆ ಪಡೆದ ಬೈಕುಗಳಲ್ಲಿ. ಬೆಳಗುವ ಸ್ವಿಚ್ಚಿನ ಉಪಯೋಗ ನಿಜವಾಗಿ ತಿಳಿಯುವುದು ಇಂಥ ಸವಾರಿಗೆ. ಸ್ವಂತ ಬೈಕನ್ನು ವರ್ಷಗಟ್ಟಲೆ ಓಡಿಸಿದವನ ಹೆಬ್ಬೆರಳಿಗೆ ಹಾರ್ನು ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಿಲ್ಲ. ಪರಿಚಯವಿಲ್ಲದ ಬೈಕಿನಲ್ಲಿ, ಅಥವಾ ತಿಂಗಳಿಗೊಮ್ಮೆ ಬಳಸುವ ಹಜಾರ್ಡ್, ಫಾಗ್ ಲೈಟು, ಕ್ರೂಸ್ ಕಂಟ್ರೋಲ್ ಗುಂಡಿಗಳ ವಿಷಯದಲ್ಲಿ ಮಾತ್ರ ಕಣ್ಣು ಕೆಳಗಿಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಕಣ್ಣು ತಗ್ಗಿದರೆ ಬೈಕು ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಆ ಸೆಕೆಂಡನ್ನು ಅರ್ಧಕ್ಕೆ ಇಳಿಸುವುದೇ ಈ ವ್ಯವಸ್ಥೆಯ ಉದ್ದೇಶ.

ಹಿನ್ನೆಲೆ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯಜ್ಡಿ ಬೈಕುಗಳ ಕಾಲದಲ್ಲಿ ಹ್ಯಾಂಡಲ್ ಮೇಲೆ ಇರುತ್ತಿದ್ದದ್ದು ಒಂದು ಹಾರ್ನು ಗುಂಡಿ ಮತ್ತು ಬೀಮ್ ಬದಲಿಸುವ ಕಡ್ಡಿ. ಜಾವಾದ 6 ವೋಲ್ಟ್ ವಿದ್ಯುತ್ತಿನಲ್ಲಿ ಹೆಡ್‌ಲೈಟಿಗೇ ಬೆಳಕು ಸಾಲದಿದ್ದಾಗ ಸ್ವಿಚ್ಚಿಗೆ ಬೆಳಕು ಕೊಡುವ ಯೋಚನೆಗೆ ಎಡೆಯೇ ಇರಲಿಲ್ಲ. ಹೊರದೇಶಗಳಲ್ಲಿ ಗುಂಡಿಗಳು ಹೆಚ್ಚುತ್ತ ಹೋದದ್ದು ದೊಡ್ಡ ಟೂರಿಂಗ್ ಬೈಕುಗಳಿಂದ. ಹೋಂಡಾ ಗೋಲ್ಡ್ ವಿಂಗ್ 1975ರ ಹೊತ್ತಿಗೆ ರಸ್ತೆಗಿಳಿಯಿತು; 1980ರಲ್ಲಿ ಕಾರ್ಖಾನೆಯಲ್ಲೇ ಫೇರಿಂಗ್ ಜೋಡಿಸಿದ ಇಂಟರ್‌ಸ್ಟೇಟ್ ಮಾದರಿ ಬಂತು. ಮುಂದೆ ರೇಡಿಯೋ, ಕ್ರೂಸ್, ಬಿಸಿ ಹಿಡಿಕೆಗಳು ಒಂದೊಂದಾಗಿ ಹ್ಯಾಂಡಲ್ ಏರಿದವು. ಹಾರ್ಲೆ–ಡೇವಿಡ್‌ಸನ್ ಟೂರಿಂಗ್ ಬೈಕುಗಳಿಗೆ ಬೆಳಗುವ ಗುಂಡಿಗಳು ಬಿಡಿಭಾಗದ ಸೆಟ್ಟಾಗಿ ಮಾರಾಟವಾದದ್ದು ಈ ಗುಂಡಿಗಳ ಸಂತೆಯಿಂದಲೇ. 2018ರ ಟ್ರಯಂಫ್ ಟೈಗರ್ 1200ರಲ್ಲಿ ಬೆಳಗುವ ಸ್ವಿಚ್ಚು ಕಾರ್ಖಾನೆಯಿಂದಲೇ ಬಂತು.

ಭಾರತದಲ್ಲಿ ಈ ಸೌಲಭ್ಯ ಮೇಲ್ದರ್ಜೆಯ ಬೈಕಿನಿಂದ ಕೆಳಗಿಳಿದು ಬರಲಿಲ್ಲ. 2006–07ರಲ್ಲಿ ಬಂದ ಬಜಾಜ್ ಪಲ್ಸರ್ ಮಾದರಿಗಳಲ್ಲಿ ಹಿಂಬೆಳಕಿನ ಸ್ವಿಚ್ಚುಗಳು, ತಾನಾಗಿ ಆರುವ ಇಂಡಿಕೇಟರ್ ಎರಡೂ ಇದ್ದವು. ಮಧ್ಯಮ ವರ್ಗದ ಹುಡುಗರ ಕೈಗೆ ಎಟುಕುವ ಬೆಲೆಯಲ್ಲಿ ಇದನ್ನು ಕೊಟ್ಟದ್ದು ಆ ಬೈಕಿನ ಹೆಚ್ಚುಗಾರಿಕೆ. ಕೆಟಿಎಂ ಡ್ಯೂಕ್ ಸರಣಿಯಲ್ಲೂ ಇದು ಬಂತು. ಆದರೆ ದೂರ ಸವಾರಿಯವರು ಹೆಚ್ಚಾಗಿ ಆರಿಸಿಕೊಳ್ಳುವ ರಾಯಲ್ ಎನ್‌ಫೀಲ್ಡ್‌ನ 2016ರ ಹಿಮಾಲಯನ್‌ನಲ್ಲಿ ಸ್ವಿಚ್ಚುಗಳಿಗೆ ಬೆಳಕಿಲ್ಲ. ಆಮೇಲೆ ಹಾಕಿಸಿಕೊಳ್ಳುವ ಬೇಡಿಕೆಗೆ ದೊಡ್ಡ ಕಾರಣ ಇಂಥ ಬೈಕುಗಳು.

ರಚನೆ

ಬೆಳಕು ಕೊಡುವ ರೀತಿಯಲ್ಲಿ ಎರಡು ಬಗೆ ಬಳಕೆಯಲ್ಲಿವೆ. ಒಂದರಲ್ಲಿ ಬೆಳಕು ಹಾಯುವ ಪ್ಲಾಸ್ಟಿಕ್ ಗುಂಡಿಗೆ ಕಪ್ಪು ಬಣ್ಣ ಬಳಿದು, ಗುರುತಿನ ಭಾಗದ ಬಣ್ಣವನ್ನಷ್ಟೇ ಲೇಸರ್‌ನಿಂದ ಕೆರೆದು ತೆಗೆದಿರುತ್ತಾರೆ. ಹಿಂದಿರುವ ಎಲ್‌ಇಡಿಯ ಬೆಳಕು ಆ ಗುರುತಿನಿಂದ ಹೊರಬರುತ್ತದೆ. ಕಾರ್ಖಾನೆಯ ಸ್ವಿಚ್ಚುಗಳು ಈ ಬಗೆಯವು. ಹಾರ್ನು, ಬೀಮ್, ಇಂಡಿಕೇಟರ್‌ಗಳ ಗುರುತುಗಳು ಎಲ್ಲ ಕಂಪನಿಗಳಲ್ಲೂ ಒಂದೇ ರೀತಿ ಇರುವುದಕ್ಕೆ ಐಎಸ್‌ಒ 6727 ಎಂಬ ಅಂತರರಾಷ್ಟ್ರೀಯ ಮಾನದಂಡ ಆಧಾರ. ಎರಡನೆಯದು, ಸ್ಟೀಲ್ ಗುಂಡಿಯ ಸುತ್ತ ಬೆಳಕಿನ ಬಳೆ ಇರುವ ಬಿಡಿ ಸ್ವಿಚ್ಚು. ಇದನ್ನು ಬೇರೆ ಕ್ಲಾಂಪಿನಲ್ಲಿ ಹ್ಯಾಂಡಲಿಗೆ ಕಚ್ಚಿಸುತ್ತಾರೆ. ಫಾಗ್ ಲೈಟಿಗೆ ನಮ್ಮ ಕಡೆ ಹೆಚ್ಚಾಗಿ ಹಾಕುವುದು ಇದನ್ನೇ. ಬಳೆ ಬೆಳಗಿದರೂ ಗುರುತು ಕಾಣದು ಎಂಬುದು ಇದರ ಕೊರತೆ; ಅಂಥ ಮೂರು ಗುಂಡಿಗಳನ್ನು ಸಾಲಾಗಿ ಇಟ್ಟರೆ ಯಾವುದು ಯಾವುದೆಂದು ರಾತ್ರಿ ಗೊತ್ತಾಗುವುದಿಲ್ಲ.

ಕೊಳ್ಳುವ ಮೊದಲು ಹ್ಯಾಂಡಲಿನ ದಪ್ಪ ಅಳೆಯಬೇಕು. ನಮ್ಮಲ್ಲಿನ ಬಹುತೇಕ ಬೈಕುಗಳ ಹ್ಯಾಂಡಲ್ ಹಿಡಿಕೆಯ ಬಳಿ 22 ಮಿ.ಮೀ.; ಹಾರ್ಲೆಯ ದೊಡ್ಡ ಬೈಕುಗಳದ್ದು ಒಂದು ಅಂಗುಲ, ಅಂದರೆ 25.4 ಮಿ.ಮೀ. ಒಂದರ ಸ್ವಿಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 2017ರ ಏಪ್ರಿಲ್ 1ರಿಂದ ಭಾರತದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತು ಹೆಡ್‌ಲೈಟು ಉರಿಯಲೇಬೇಕು. ಆದ್ದರಿಂದ ಅವುಗಳ ಬಲಗೈ ಸ್ವಿಚ್ಚಿನಲ್ಲಿ ಹೆಡ್‌ಲೈಟ್ ಆರಿಸುವ ಜಾಗವೇ ಇಲ್ಲ. ಹಳೆಯ ಮಾದರಿಯ ಅಥವಾ ಹೊರದೇಶದ ಬೆಳಗುವ ಸ್ವಿಚ್ಚು ತಂದು ಹಾಕಿದರೆ ಆರಿಸುವ ಸ್ವಿಚ್ಚು ಮರಳಿ ಬಂದಂತಾಗುತ್ತದೆ. ಅದು ನಿಯಮಕ್ಕೆ ವಿರುದ್ಧ.

ಬಣ್ಣ ಮತ್ತು ಕಣ್ಣು

ಮಾರುಕಟ್ಟೆಯಲ್ಲಿ ಹೆಚ್ಚು ಮಾರಾಟವಾಗುವುದು ನೀಲಿ ಬೆಳಕು. ರಾತ್ರಿ ಸವಾರಿಗೆ ಅತಿ ಕೆಟ್ಟ ಆಯ್ಕೆಯೂ ಅದೇ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮಬ್ಬಿನಲ್ಲಿ ಕೆಲಸ ಮಾಡುವ ದಂಡಕೋಶಗಳು ನೀಲಿ–ಹಸಿರು ಬೆಳಕಿಗೆ, ಸುಮಾರು 507 ನ್ಯಾನೊಮೀಟರ್ ತರಂಗಾಂತರದ ಸುತ್ತಮುತ್ತ, ಅತಿ ಹೆಚ್ಚು ಸ್ಪಂದಿಸುತ್ತವೆ. ಕೆಂಪು ಬೆಳಕು ಅವಕ್ಕೆ ತಾಗುವುದೇ ಕಡಿಮೆ. ಹ್ಯಾಂಡಲಿನಿಂದ ಸದಾ ಮೇಲಕ್ಕೆ ಚೆಲ್ಲುವ ನೀಲಿ ಬೆಳಕು ಹೊಂದಿಕೊಂಡ ಕಣ್ಣನ್ನು ಮತ್ತೆ ಹಿಂದಕ್ಕೆ ಎಳೆಯುತ್ತದೆ, ಮಳೆಗೆ ನೆನೆದ ವಿಂಡ್‌ಶೀಲ್ಡಿನಲ್ಲೂ ಹೆಲ್ಮೆಟ್ಟಿನ ಗಾಜಿನಲ್ಲೂ ಪ್ರತಿಫಲಿಸುತ್ತದೆ. ಮೀಟರಿನಲ್ಲಿ ಹೈ ಬೀಮಿಗೆ ನೀಲಿ, ಇಂಡಿಕೇಟರ್ ಮತ್ತು ನ್ಯೂಟ್ರಲ್‌ಗೆ ಹಸಿರು ಎಂಬ ರೂಢಿ ಇರುವಾಗ ಅದೇ ಬಣ್ಣಗಳನ್ನು ಸ್ವಿಚ್ಚಿಗೂ ಕೊಟ್ಟರೆ ಗೊಂದಲ ಬೇರೆ. ಮಂದವಾದ ಅಂಬರ್ ಅಥವಾ ಕೆಂಪು ಬೆಳಕೇ ಸರಿಯಾದದ್ದು. ಬಿಳಿ ಬೇಕೆಂದರೆ ಡಿಮ್ಮರ್ ಇರಬೇಕು.

ವಿದ್ಯುತ್ತಿನ ಲೆಕ್ಕ

ಎಲ್‌ಇಡಿ ತೀರಾ ಕಡಿಮೆ ಕರೆಂಟಿನಲ್ಲಿ ಬೆಳಗುತ್ತದೆ. ಬೈಕು ಓಡುವಾಗ ಚಾರ್ಜಿಂಗ್ ವೋಲ್ಟೇಜ್ 14.4ರ ಆಸುಪಾಸು, ಬಿಳಿ ಎಲ್‌ಇಡಿಗೆ ಬೇಕಾದದ್ದು 3.2 ವೋಲ್ಟ್. ಉಳಿದ 11.2 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 10 ಮಿಲಿಆಂಪಿಯರ್ ಹರಿಸಲು 1,120 ಓಮ್ ಬೇಕು. ಅಂಗಡಿಯಲ್ಲಿ ಸಿಗುವ 1.2 ಕಿಲೋಓಮ್, ಕಾಲು ವ್ಯಾಟಿನ ರೆಸಿಸ್ಟರ್ ಸಾಕಾಗುತ್ತದೆ. ಗುಂಡಿಯ ಹಿಂಬೆಳಕಿಗೆ 5 ಮಿಲಿಆಂಪಿಯರೇ ಧಾರಾಳ. ಹತ್ತು ಗುಂಡಿಗಳಿಗೆ ಒಟ್ಟು 50 ಮಿಲಿಆಂಪಿಯರ್, ಅಂದರೆ ಒಂದು ವ್ಯಾಟಿಗಿಂತ ಕಡಿಮೆ. ಬೈಕಿನ ಚಾರ್ಜಿಂಗಿಗೆ ಇದು ಲೆಕ್ಕಕ್ಕೇ ಇಲ್ಲ.

ಆದರೆ ಈ ಬೆಳಕನ್ನು ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. 8 ಆಂಪಿಯರ್–ಅವರ್ ಬ್ಯಾಟರಿಯನ್ನು 50 ಮಿಲಿಆಂಪಿಯರ್ ಹಗಲೂ ರಾತ್ರಿ ಹೀರಿದರೆ 160 ಗಂಟೆಯಲ್ಲಿ, ಅಂದರೆ ಒಂದು ವಾರದೊಳಗೆ, ಬ್ಯಾಟರಿ ಖಾಲಿ. ಸೆಮಿಸ್ಟರ್ ರಜೆಗೆ ಊರಿಗೆ ಹೋದ ವಿದ್ಯಾರ್ಥಿಯ ಬೈಕು ವಾಪಸು ಬಂದಾಗ ಸೆಲ್ಫ್ ತೆಗೆದುಕೊಳ್ಳದಿರಲು ಇಷ್ಟು ಸಾಕು. ಆದ್ದರಿಂದ ಟೇಲ್ ಲೈಟ್ ಅಥವಾ ಪಾರ್ಕಿಂಗ್ ಲೈಟಿನ ವಯರಿನಿಂದ ಕರೆಂಟು ತೆಗೆದುಕೊಳ್ಳುವುದು ಉತ್ತಮ. ಕೀ ತಿರುಗಿಸಿದಾಗ ಬೆಳಕು ಬರುತ್ತದೆ, ತೆಗೆದಾಗ ಹೋಗುತ್ತದೆ. ಆ ಕವಲಿಗೆ ಒಂದು ಅಥವಾ ಎರಡು ಆಂಪಿಯರಿನ ಪ್ರತ್ಯೇಕ ಫ್ಯೂಸು ಇರಲೇಬೇಕು. ಅದಿಲ್ಲದಿದ್ದರೆ ಸ್ವಿಚ್ಚಿನೊಳಗಿನ ಒಂದು ಶಾರ್ಟ್ ಸರ್ಕಿಟ್ಟು ಟೇಲ್ ಲೈಟಿನ ಫ್ಯೂಸನ್ನೂ ಹಾರಿಸಿ, ಕತ್ತಲ ಹೆದ್ದಾರಿಯಲ್ಲಿ ಹಿಂದಿನವರಿಗೆ ಬೈಕೇ ಕಾಣದಂತೆ ಮಾಡುತ್ತದೆ.

ಫಾಗ್ ಲೈಟಿನ ಸ್ವಿಚ್ಚಿನ ಕಥೆ ಬೇರೆ. ತಲಾ 40 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಸುಮಾರು 6.7 ಆಂಪಿಯರ್ ಎಳೆಯುತ್ತವೆ. ಎರಡು–ಮೂರು ಆಂಪಿಯರ್ ತಾಳಬಲ್ಲ ಸಣ್ಣ ಸ್ವಿಚ್ಚಿನ ಮೂಲಕ ಅದನ್ನು ಹರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಡುತ್ತದೆ. ಸ್ವಿಚ್ಚು ರಿಲೇಯನ್ನಷ್ಟೇ ಎಬ್ಬಿಸಬೇಕು. ದೀಪದ ಕರೆಂಟು ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸಿನ ಮೂಲಕ ರಿಲೇಗೆ, ಅಲ್ಲಿಂದ ದೀಪಕ್ಕೆ ಹೋಗಬೇಕು. ಜೋಡಿ ಹಾರ್ನಿಗೂ ಇದೇ ಮಾತು.

ಹೊಸ ಪೀಳಿಗೆಯ ದೊಡ್ಡ ಬೈಕುಗಳಲ್ಲಿ ಈ ಲೆಕ್ಕವೂ ನಡೆಯುವುದಿಲ್ಲ. ಬಿಎಂಡಬ್ಲ್ಯು ಬೈಕುಗಳಲ್ಲಿ 2004ರ ಸುಮಾರಿನಿಂದ, ಹಾರ್ಲೆ ಟೂರಿಂಗ್ ಮಾದರಿಗಳಲ್ಲಿ 2014ರಿಂದ ಕ್ಯಾನ್ ಬಸ್ ವ್ಯವಸ್ಥೆ ಇದೆ. ಅಲ್ಲಿ ಬಿಡಿಭಾಗಗಳು ಒಂದಕ್ಕೊಂದು ಡಿಜಿಟಲ್ ಸಂದೇಶ ಕಳಿಸಿ ಕೆಲಸ ಮಾಡುತ್ತವೆ. ಅಂಥ ಬೈಕಿನ ಯಾವುದೋ ವಯರನ್ನು ಸೀಳಿ ಎಲ್‌ಇಡಿ ಸಿಕ್ಕಿಸಿದರೆ ಮೀಟರಿನಲ್ಲಿ ದೋಷದ ಸಂಕೇತ ಬರಬಹುದು. ಆ ಮಾದರಿಗೆಂದೇ ತಯಾರಾದ ಸೆಟ್ಟನ್ನಷ್ಟೇ ಹಾಕಿಸಬೇಕು.

ಅಳವಡಿಸುವ ಕ್ರಮ

ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಬೇಕು. ಸ್ವಿಚ್ಚಿನ ವಯರುಗಳು ಹ್ಯಾಂಡಲಿನಿಂದ ಇಳಿದು ಹೆಡ್‌ಲೈಟಿನ ಒಳಗೋ ಟ್ಯಾಂಕಿನ ಅಡಿಯಲ್ಲೋ ಕಪ್ಲರಿನಲ್ಲಿ ಕೊನೆಗೊಳ್ಳುತ್ತವೆ. ಹಲವು ಬೈಕುಗಳಲ್ಲಿ ಟ್ಯಾಂಕು ಎತ್ತದೆ ಅಲ್ಲಿಗೆ ಕೈ ಹೋಗುವುದಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು, ಪ್ರತಿ ಕಪ್ಲರಿಗೂ ಚೀಟಿ ಅಂಟಿಸಬೇಕು.

ಬಳಿಕ ಮಲ್ಟಿಮೀಟರ್ ಕೆಲಸ. ಹಳೆಯ ಸ್ವಿಚ್ಚನ್ನು ಒಂದೊಂದು ಸ್ಥಾನದಲ್ಲಿ ಇಟ್ಟು ಯಾವ ಬಣ್ಣದ ವಯರು ಯಾವುದಕ್ಕೆ ಸೇರುತ್ತದೆ ಎಂದು ಕಾಗದದಲ್ಲಿ ಬರೆಯಬೇಕು. ಹೊಸ ಸ್ವಿಚ್ಚಿಗೂ ಇದೇ ಪರೀಕ್ಷೆ. ವಯರಿನ ಬಣ್ಣ ನೋಡಿ ಊಹಿಸುವುದು ಸಲ್ಲದು; ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಲ್ಲ. ಒಂದು ಬೈಕಿನಲ್ಲಿ ಹಾರ್ನು ಸ್ವಿಚ್ಚು ಅರ್ಥ್ ಕೊಡುತ್ತದೆ, ಇನ್ನೊಂದರಲ್ಲಿ ಪಾಸಿಟಿವ್ ಕೊಡುತ್ತದೆ. ಎರಡನ್ನೂ ಅದಲು ಬದಲು ಮಾಡಿದರೆ ಗುಂಡಿ ಒತ್ತಿದ ಕ್ಷಣ ಫ್ಯೂಸು ಹೋಗುತ್ತದೆ.

ಬೈಕಿನ ಮೂಲ ವಯರಿಂಗನ್ನು ಎಲ್ಲೂ ಕತ್ತರಿಸದಿರುವುದು ಒಳ್ಳೆಯ ಎಲೆಕ್ಟ್ರೀಷಿಯನ್ನಿನ ಗುರುತು. ಅದೇ ಅಳತೆಯ ಕಪ್ಲರ್ ತಂದು ಹೊಸ ಸ್ವಿಚ್ಚಿಗೆ ಹಾಕಿದರೆ ಬೇಕೆನಿಸಿದ ದಿನ ಹಳೆಯದನ್ನು ಮತ್ತೆ ಸಿಕ್ಕಿಸಬಹುದು. ವಯರಿನ ಸಿಪ್ಪೆ ಕೆತ್ತಿ ತಿರುಚಿ ಟೇಪು ಸುತ್ತುವ ಪದ್ಧತಿ ಗ್ಯಾರೇಜುಗಳಲ್ಲಿ ಇನ್ನೂ ಇದೆ; ಮೊದಲ ಮಳೆಗಾಲಕ್ಕೇ ಆ ಟೇಪು ಅಂಟು ಬಿಡುತ್ತದೆ. ಸೋಲ್ಡರ್ ಮಾಡಿದ ಜಾಗವೂ ಗಟ್ಟಿಯಾಗಿ ನಿಂತು ಕಂಪನಕ್ಕೆ ಅಂಚಿನಲ್ಲಿ ಮುರಿಯುತ್ತದೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿದರೆ ಜೋಡಣೆ ಬಾಳುತ್ತದೆ.

ಹ್ಯಾಂಡಲಿಗೆ ಕೂರಿಸುವಾಗ ಸ್ವಿಚ್ಚಿನ ಒಳಗಿನ ಸಣ್ಣ ಗೂಟವನ್ನು ಗಮನಿಸಬೇಕು. ಅದು ಹ್ಯಾಂಡಲಿನ ತೂತಿನೊಳಗೆ ಕೂತು ಸ್ವಿಚ್ಚು ತಿರುಗದಂತೆ ತಡೆಯುತ್ತದೆ. ಹೊಸ ಹ್ಯಾಂಡಲಿನಲ್ಲಿ ತೂತಿಲ್ಲವೆಂದು ಕೆಲವರು ಗೂಟವನ್ನೇ ಅರೆದು ತೆಗೆಯುತ್ತಾರೆ. ಹಾಗೆ ಮಾಡಿದರೆ ಹೆಬ್ಬೆರಳಿನ ಒತ್ತಡಕ್ಕೆ ಸ್ವಿಚ್ಚು ದಿನದಿನಕ್ಕೂ ಜರುಗುತ್ತದೆ. ಬಲಗಡೆಯಾದರೆ ಆಕ್ಸಿಲರೇಟರ್ ಕೇಬಲ್ಲನ್ನೂ ಎಳೆಯಬಹುದು. ವಯರುಗಳನ್ನು ಎಳೆದ ಮೇಲೆ ಹ್ಯಾಂಡಲನ್ನು ಎಡಬಲ ಕೊನೆಯವರೆಗೆ ತಿರುಗಿಸಿ ಎಲ್ಲೂ ಬಿಗಿಯುತ್ತಿಲ್ಲ, ಸಿಕ್ಕಿಕೊಳ್ಳುತ್ತಿಲ್ಲ ಎಂದು ನೋಡಬೇಕು. ಆಕ್ಸಿಲರೇಟರ್ ಬಿಟ್ಟ ಕೂಡಲೇ ತಾನಾಗಿ ಹಿಂದಕ್ಕೆ ಬರುತ್ತಿದೆಯೇ ಎಂಬುದು ಕೊನೆಯ ಮತ್ತು ಅತಿ ಮುಖ್ಯ ಪರೀಕ್ಷೆ.

ಎಡಗೈ ಸ್ವಿಚ್ಚನ್ನು ಮಾತ್ರ ಬದಲಿಸಿ ಬಲಗೈಯದನ್ನು ಹಾಗೇ ಬಿಡುವುದು ಜಾಣತನ. ಬಲಗಡೆಯ ಕಿಲ್ ಸ್ವಿಚ್ಚು ಎಂಜಿನ್ನಿನ ಜೀವನಾಡಿ. ಅದರ ಕಾಂಟ್ಯಾಕ್ಟ್ ಸಡಿಲವಾದರೆ ಬೈಕು ಮಾಳದ ಕಾಡಿನ ನಡುವೆ ನಿಲ್ಲುತ್ತದೆ. ಅದು ಎಲ್ಲಿದೆಯೆಂದು ಪ್ರತಿ ಸವಾರನಿಗೂ ಗೊತ್ತು. ಅದಕ್ಕೆ ಬೆಳಕು ಕೊಟ್ಟು ಸಾಧಿಸುವುದು ಏನೂ ಇಲ್ಲ.

ಮಳೆ, ಉಪ್ಪು, ಕಿಲುಬು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಮಳೆಯ ನೀರಿಗಿಂತ ಕೆಟ್ಟದ್ದು ಕಡಲಿನ ಸೀರ್ಪನಿ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವ ಬಂಡೆಯ ಆಸುಪಾಸಿನಲ್ಲಿ, ಮಟ್ಟು–ಮಲ್ಪೆ ಕಡಲತಡಿಯ ರಸ್ತೆಯಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಸಂಜೆಯೊಳಗೆ ಉಪ್ಪಿನ ಪೊರೆ ಕೂರುತ್ತದೆ. ಅದು ಒಣಗಿದ ಮೇಲೂ ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ. ತಾಮ್ರದ ಕಾಂಟ್ಯಾಕ್ಟಿಗೆ ಹಸಿರು ಕಿಲುಬು ಹಿಡಿದರೆ ಕರೆಂಟು ಹರಿಯಲು ತಡೆ. ಸ್ಕ್ರೂಗಳಿಗೆ ತುಕ್ಕು. ಕಾರ್ಕಳದ ಒಳನಾಡಿನಲ್ಲಿ ಎರಡು–ಮೂರು ವರ್ಷ ಏನೂ ಆಗದ ಸ್ವಿಚ್ಚು ಕಾಪುವಿನ ಕಡಲತಡಿಯಲ್ಲಿ ಅದಕ್ಕೂ ಬೇಗ ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪರಿಹಾರ ಕೆಲವೇ. ಐಪಿ 67 ದರ್ಜೆಯ ಸ್ವಿಚ್ಚು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಬಿಡುವುದಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ಆ ಸಂಖ್ಯೆಯನ್ನು ನೋಡಬೇಕು. ಕಪ್ಲರಿನ ಪಿನ್ನುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಬೇಕು. ವಯರು ಸ್ವಿಚ್ಚಿಗೆ ಸೇರುವ ಮೊದಲು ಕೆಳಕ್ಕೆ ಒಂದು ಸಣ್ಣ ಬಾಗು ಕೊಟ್ಟರೆ ವಯರಿನ ಮೇಲೆ ಹರಿದು ಬರುವ ನೀರು ಆ ಬಾಗಿನಿಂದಲೇ ಉದುರಿಹೋಗುತ್ತದೆ. ಸ್ವಿಚ್ಚಿನ ತಳದಲ್ಲಿರುವ ನೀರಿಳಿಯುವ ತೂತನ್ನು ಸಿಲಿಕೋನ್ ತುಂಬಿ ಮುಚ್ಚಬಾರದು. ಆಗ ಹೊಕ್ಕ ನೀರು ಹೊರಗೆ ಬರುವುದಿಲ್ಲ. ವಾಟರ್ ಸರ್ವಿಸ್ ಮಾಡಿಸುವಾಗ ಒತ್ತಡದ ನೀರನ್ನು ಹ್ಯಾಂಡಲಿನ ಕಡೆ ನೇರವಾಗಿ ಬಿಡದಂತೆ ಹುಡುಗನಿಗೆ ಮೊದಲೇ ಹೇಳಬೇಕು. ಕಡಲತಡಿಯಿಂದ ಬಂದ ದಿನ ಸಿಹಿನೀರಿನಲ್ಲಿ ಮೆಲ್ಲನೆ ತೊಳೆದು ಒರೆಸಿದರೆ ಸಾಕು.

ರೈನ್‌ಕೋಟಿನ ಜೊತೆ ಹಾಕುವ ದಪ್ಪ ಗ್ಲೌಸಿನಲ್ಲಿ ಗುಂಡಿಯ ಉಬ್ಬುತಗ್ಗು ಬೆರಳಿಗೆ ತಿಳಿಯಬೇಕು. ನುಣ್ಣನೆಯ ಚಪ್ಪಟೆ ಗುಂಡಿ ಎಷ್ಟು ಬೆಳಗಿದರೂ ಮಳೆಯಲ್ಲಿ ಉಪಯೋಗಕ್ಕೆ ಬಾರದು.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ವಾಹನದ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆಯನ್ನು ಅದು ಮಾರ್ಪಾಡು ಎಂದು ಕರೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ನಿನ ಮೇಲೆ ತೀರ್ಪು ಕೊಟ್ಟು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಗುಂಡಿಯ ಗುರುತಿಗೆ ಕೊಟ್ಟ ಮಂದ ಬೆಳಕು ವಾಹನದ ಮೂಲ ಲಕ್ಷಣವನ್ನು ಬದಲಿಸುತ್ತದೆ ಎನ್ನುವುದು ಕಷ್ಟ. ಆದರೆ ಅದರ ಜೊತೆಗೆ ಸೇರಿಸುವ ಮಿನುಗುವ ಕೆಂಪು–ನೀಲಿ ದೀಪ, ಹಲವು ಸ್ವರದ ಹಾರ್ನು, ಎದುರಿನವರ ಕಣ್ಣು ಕೋರೈಸುವ ಎಲ್‌ಇಡಿಗಳಿಗೆ ಆ ರಕ್ಷಣೆ ಇಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿದರು. ವಾರಂಟಿ ಇರುವ ಬೈಕಿನ ವಯರಿಂಗಿಗೆ ಹೊರಗಿನವರ ಕೈ ತಾಗಿದರೆ ವಿದ್ಯುತ್ ಭಾಗದ ವಾರಂಟಿ ಕಳೆದುಹೋಗಬಹುದು. ಮೊದಲು ಕೈಪಿಡಿ ಓದಿ ಷೋರೂಮಿನಲ್ಲಿ ಕೇಳುವುದು ಕ್ಷೇಮ.

ಎಲ್ಲ ಗುಂಡಿಗೂ ಬೆಳಕು ಬೇಕಾಗಿಲ್ಲ. ಫಾಗ್ ಲೈಟು ಮತ್ತು ಹಜಾರ್ಡಿಗೆ ಮಂದವಾದ ಅಂಬರ್ ಬೆಳಕು, ಪಾರ್ಕಿಂಗ್ ಲೈಟಿನಿಂದ ತೆಗೆದ ಕರೆಂಟು, ಪ್ರತ್ಯೇಕ ಫ್ಯೂಸು, ಕತ್ತರಿಸದ ಮೂಲ ವಯರಿಂಗು: ಈ ಕರಾವಳಿಯ ಸವಾರನಿಗೆ ಇಷ್ಟಿದ್ದರೆ ಸಾಕು. ಹಾಕಿಸಿದವರು ಪ್ರತಿ ವರ್ಷ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಒಮ್ಮೆ ಕಪ್ಲರ್ ಬಿಚ್ಚಿ ಕಿಲುಬು ಇದೆಯೇ ಎಂದು ನೋಡಿ, ಒರೆಸಿ, ಹೊಸ ಗ್ರೀಸು ಹಚ್ಚಿಸಿಕೊಳ್ಳಬೇಕು.